ಟೇಪಿನಲ್ಲಿ ಇರದ ಮಾತು

ಮೊನ್ನೆ ಮೊಮ್ಮಗಳು ತನ್ನ ಹೆಡ್‌ಫೋನನ್ನು ನನ್ನ ಕಿವಿಗೇರಿಸಿ, "ಅಜ್ಜಿ, ಗಾನಾ ಸುನೋ" ಎಂದಳು. ಸ್ಪಂಜು ಕಿವಿಗೆ ತಾಗಿದ್ದೇ ತಡ, ಕಿತ್ತು ಅವಳ ಕೈಗಿಟ್ಟೆ. ಪಾಪ, ಹಾಡಿನ ತಪ್ಪೇನಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಘಾಟ್ಕೋಪರ್‌ನ ಚಾಳಿನಿಂದ ಲೋಕಲ್ ರೈಲು ಹಿಡಿದು, ವಿಮಾನ ಅಪಘಾತಗಳ ತನಿಖೆ ನಡೆಸುವ ಕಚೇರಿಯೊಂದಕ್ಕೆ ಟೈಪಿಸ್ಟಾಗಿ ಹೋಗುತ್ತಿದ್ದೆ. ವಿಮಾನ ಹತ್ತಿದವಳಲ್ಲ, ದಾದರ್‌ನ ಸೇತುವೆ ಹತ್ತುವುದೇ ನನಗೆ ಸಾಹಸ. ಕಿವಿಯ ಬಗ್ಗೆ ಮಾತ್ರ ಭಾರೀ ಹೆಮ್ಮೆ. ಚಾಳಿನ ನಲ್ಲಿ ಕೆಮ್ಮಿದ್ದು ಕೇಳಿಯೇ, ನೀರು ಬರುವ ಮೊದಲು ಕೊಡ ಹಿಡಿದು ಓಡುವವಳು ನಾನು.

ಒಂದು ದಿನ ದೂರದ ಸಣ್ಣ ವಿಮಾನ ನಿಲ್ದಾಣವೊಂದರಿಂದ, ಪೈಲಟ್ ಜೊತೆ ರೇಡಿಯೋದಲ್ಲಿ ಆಡಿದ ಮಾತಿನ ಟೇಪು ಬಂತು. ರನ್‌ವೇ ದುರಸ್ತಿ ಮಾಡುತ್ತಿದ್ದ ಇಬ್ಬರು ಕೂಲಿಗಳ ಮೇಲೆಯೇ ವಿಮಾನ ಇಳಿದಿತ್ತು. ಕಂಟ್ರೋಲ್ ಟವರಿನ ತರುಣ, "ಇಳಿಯಬೇಡಿ ಅಂದೆ, ಪೈಲಟ್ 'ರೋಜರ್' ಅಂದರು" ಎಂದು ಆಣೆ ಮಾಡುತ್ತಿದ್ದ. ರೋಜರ್ ಎಂದರೆ, ನಿಮ್ಮ ಮಾತು ಕೇಳಿಸಿತು ಎಂದು. ಪೈಲಟ್ಟೋ, ತನಗೇನೂ ಕೇಳಿಸಲೇ ಇಲ್ಲ ಎನ್ನುತ್ತಿದ್ದ. ಟವರಿನವನೇ ಸುಳ್ಳುಗಾರನೆಂದು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ನಾವೆಲ್ಲ ತೀರ್ಮಾನಿಸಿದ್ದೆವು. "ನೌಕರಿ ಉಳಿಸ್ಕೊಳ್ಳಾಕ ಏನರ ಹೇಳ್ತಾರ" ಎಂದವಳು ನಾನೇ.

ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಟೇಪು ಕೇಳಿ ಟೈಪು ಮಾಡಿದೆ. ಟೇಪನ್ನು ಆಗಲೇ ಕೇಳಿದ್ದ ನಮ್ಮ ಮೇಲಧಿಕಾರಿ, ಧಾರವಾಡದ ದೇಸಾಯಿ ಸಾಹೇಬರು, ಹಾಳೆ ನೋಡಿ ಹುಬ್ಬೇರಿಸಿದರು.

"ತಂಗಿ, ಈ ರೋಜರ್ ಎಲ್ಲಿಂದ ಬಂತು?"

"ಪೈಲಟ್ ಅಂದಾನ್ರೀ ಸಾಹೇಬ್ರ. ನಾ ಕೇಳೀನಿ."

"ಮತ್ತೊಮ್ಮೆ ಕೇಳು."

ಕೇಳಿದೆ. "ಇಳಿಯಬೇಡಿ" ಎಂಬ ಮಾತು ಮುಗಿಯುತ್ತಲೇ ಕರ್ರ್ ಎಂದೊಂದು ಸದ್ದು. ಆಮೇಲೆ ಏನೂ ಇಲ್ಲ. ನಾಲ್ಕು ಸಲ ಕೇಳಿದೆ. ಏನೂ ಇಲ್ಲ. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ.

"ಟವರಿನ ಹುಡುಗ, ಪೈಲಟ್, ಇಬ್ಬರೂ ಒಮ್ಮೆಲೇ ರೇಡಿಯೋದ ಗುಂಡಿ ಒತ್ಯಾರ" ಎಂದರು ಸಾಹೇಬರು. "ಒತ್ತಿ ಮಾತಾಡೂವಾಗ ಆ ಕಡೀದು ಕೇಳಂಗಿಲ್ಲ."

"ಆದ್ರ ನನಗ ಖರೇನ ಕೇಳಿಸಿತ್ರೀ!"

"ಆ ಹುಡುಗಗೂ ಖರೇನ ಕೇಳಿಸ್ಯದ" ಎಂದು ಅವರು ಕುರ್ಚಿಯಲ್ಲಿ ಕುಸಿದರು. "ರೋಜರ್ ಅಂತಾನ ಅಂತ ಕಾಯ್ಕೋತ ಕುಂತಿದ್ದ ನೋಡು."

ಆ ಹಾಳೆಯನ್ನು ಹರಿಯಹೋದೆ. ಬಿಡಲಿಲ್ಲ, ಸಹಿ ಹಾಕಿ ವರದಿಗೆ ಸೇರಿಸು ಎಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಆದರೂ ಸಹಿ ಹಾಕಿದೆ. ನೌಕರಿ ಹೋಗಲಿಲ್ಲ. ಇರದ ಮಾತು ನನಗೂ ಕೇಳಿಸಿತ್ತಲ್ಲ, ತರುಣನಿಗೆ ಅಂಟಿದ್ದ ಸುಳ್ಳುಗಾರನೆಂಬ ಮಾತು ಹೋಯಿತು. ಸತ್ತವರ ಹೆಸರುಗಳನ್ನೂ ನಾನೇ ಟೈಪು ಮಾಡಿದೆ. ಇಬ್ಬರೂ ನಮ್ಮ ವಿಜಾಪುರದ ಕಡೆಯವರು.

ಈಗ ಮನೆಯಲ್ಲಿ ಯಾರು "ಹೂಂ" ಎಂದರೂ "ಏನಂದಿ, ಹೇಳು" ಎಂದು ಪೀಡಿಸುತ್ತೇನೆ. ಅಜ್ಜಿಗೆ ಕಿವಿ ಮಂದವಾಗಿದೆ ಎಂದುಕೊಂಡಿದ್ದಾರೆ. ಇರಲಿ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ: ಟೇಪಿನಲ್ಲಿ ಇರಲಿಲ್ಲವೆಂದು ಗೊತ್ತಿದ್ದೂ, ಆ "ರೋಜರ್" ನನಗೆ ಇಂದಿಗೂ ಸ್ಪಷ್ಟವಾಗಿ ಕೇಳಿಸುತ್ತದೆ, ಆ ಪೈಲಟ್‌ನದೇ ದನಿಯಲ್ಲಿ.