ಫಕೀರಪ್ಪಜ್ಜನ ಪದಕ

ಗೆಳೆಯರೇ, ಇಂದು ನಾನು ನಕಲಿ ಪದಕವೊಂದನ್ನು ಅಸಲಿ ಎಂದು ಹೇಳಿಬಿಟ್ಟೆ.

ಬೆಳಿಗ್ಗೆ ಅಬ್ಬಿಗೇರಿಯ ಫಕೀರಪ್ಪಜ್ಜ ಹೆಂಡತಿ ನೀಲವ್ವನ ಜೊತೆ ಗಜೇಂದ್ರಗಡದ ನಮ್ಮ ಮನೆಗೆ ಬಂದಿದ್ದರು. ಅಜ್ಜ ಮೊದಲ ಮಹಾಯುದ್ಧದಲ್ಲಿ ಬಸ್ರಾಕ್ಕೆ ಹೋಗಿ ಬಂದ ಸಿಪಾಯಿ. ಬ್ರಿಟಿಷರು ಹೋಗಿ ಹತ್ತು ವರ್ಷವಾದರೂ ಹಬ್ಬಕ್ಕೆ ಅವರು ಕೊಟ್ಟ ಪದಕ ಎದೆಯ ಮೇಲೆ ಇರಲೇಬೇಕು. ಶಾಲಾ ಮಾಸ್ತರನಾದ ನಾನು ಇಂಥವನ್ನು ಕೂಡಿಡುವವನು.

"ಮಾಸ್ತರ್ರ, ಯಾಕೋ ಇದು ಹಗೂರ ಅನಿಸಾಕತ್ತೈತಿ. ಕಣ್ಣೂ ಮಂಜು ನಂದು. ಖರೇದ ಹೌದೋ ಅಲ್ಲೋ ನೋಡ್ರಿ" ಎಂದು ಅಜ್ಜ ಪದಕವನ್ನು ನನ್ನ ಕೈಗಿತ್ತರು.

ಬೆಳ್ಳಿಯಲ್ಲ, ತವರ. ಅಂಚಿನಲ್ಲಿ ಸಿಪಾಯಿಯ ಹೆಸರು, ನಂಬರು ಇರಬೇಕಿತ್ತು, ಇರಲಿಲ್ಲ. ಅದರ ಮೇಲಿನ ರಾಜನ ಗಡ್ಡ ಕರಗಿ ಕೊರಳಿಗೆ ಇಳಿದಿತ್ತು. ಹೇಳಬೇಕೆನ್ನುವಷ್ಟರಲ್ಲಿ ಅಜ್ಜನ ಬೆನ್ನ ಹಿಂದೆ ನೀಲವ್ವ ಕೈಮುಗಿದು ನಿಂತದ್ದು ಕಂಡಿತು.

"ಖರೇದ ಐತ್ರಿ ಅಜ್ಜಾರ" ಎಂದೆ.

ಅಜ್ಜ ಮುಖ ತೊಳೆಯಲು ಹಿತ್ತಲಿಗೆ ಹೋದಾಗ ನೀಲವ್ವ ಪಿಸುಗುಟ್ಟಿದರು: "ಮೊಮ್ಮಗಳ ಕಾಲ್ಗೆಜ್ಜಿಗೆ ಬೆಳ್ಳಿ ಕಡಿಮಿ ಬಿದ್ದಿತ್ರಿ. ಖರೇ ಪದಕಾನ ಕರಗಿಸಿ, ಅದರಂಗ ಇದೊಂದು ಮಾಡಿಸಿಟ್ಟೀನಿ."

ಅಜ್ಜ ಹಿಗ್ಗಿನಿಂದ ಮರಳಿದರು. "ನೀವು ಎಷ್ಟ ಸಲ ಕೇಳಿದ್ರೂ ನಾ ಕೊಡಲಿಲ್ಲ. ಇನ್ನ ನೀವ ಇಟ್ಕೋರಿ, ರೊಕ್ಕ ಬ್ಯಾಡ. ಗಾಜಿನ ಕಪಾಟಿನ್ಯಾಗ ನಟ್ಟನಡುವ ಇಡ್ರಿ. ಸಂತಿಗೆ ಬಂದಾಗೆಲ್ಲ ನೋಡಿ ಹೋಗ್ತೀನಿ."

ನೀಲವ್ವ ನೆಲ ನೋಡತೊಡಗಿದರು. ನಾನು ಅಸಲಿ ಪದಕಗಳನ್ನೆಲ್ಲ ಅತ್ತಿತ್ತ ಸರಿಸಿ, ಅಜ್ಜನ ಎದುರಿಗೇ ತವರವನ್ನು ನಡುವೆ ಇಟ್ಟೆ.

ನನ್ನ ಸಂಗ್ರಹ ನೋಡಲು ನೀವೆಲ್ಲ ಅವಶ್ಯ ಬನ್ನಿ. ನಡುವಿನದನ್ನು ಮಾತ್ರ ಕೈಗೆ ತೆಗೆದುಕೊಳ್ಳಬೇಡಿ.