ಅನ್ನದ ಅಗಳು ಅಂಟಿಸಿದ ಪುಟ

ಪರದೆಯ ಮೇಲೆ ಓದಿದರೂ ಕತೆ ಅದೇ ಅಲ್ಲವೇ ಎಂದು ಯಾರಾದರೂ ವಾದಕ್ಕೆ ಬಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕತೆ ಅದೇ ಇರಬಹುದು. ನನ್ನ ಆಯಿ ಮತ್ತು ದೊಡ್ಡಾಯಿಯ ನಡುವೆ ಓಡಾಡಿದ್ದು ಮಾತ್ರ ಬರೀ ಕತೆಯಲ್ಲ.

ಆಯಿ ಎಂದರೆ ನನ್ನ ಅಮ್ಮ, ದೊಡ್ಡಾಯಿ ಎಂದರೆ ಅವಳ ಅಕ್ಕ. ಅವಳ ಮನೆ ಬಿಣಗಾದಲ್ಲಿ, ನಮ್ಮದು ಅವರ್ಸಾದಲ್ಲಿ. ನಮ್ಮ ಹೊಸ ಮನೆಯ ಒಕ್ಕಲಿಗೆ ಆಯಿ ಗಡಿಬಿಡಿಯಲ್ಲಿ ಅವಳನ್ನು ಫೋನಿನಲ್ಲೇ ಕರೆದುಬಿಟ್ಟಳು. ಒಡಹುಟ್ಟಿದವಳನ್ನು ಮನೆಗೆ ಬಂದು ಕುಂಕುಮವಿಟ್ಟು ಕರೆಯಬಾರದೇ ಎಂದು ದೊಡ್ಡಾಯಿ ಬರಲಿಲ್ಲ. ಬರಲಿಲ್ಲವಲ್ಲ ಎಂದು ಆಯಿ ಮಾತು ಬಿಟ್ಟಳು. ಹಟದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ಮೇಲು.

ಪುಸ್ತಕ ಮಾತ್ರ ನಿಲ್ಲಲಿಲ್ಲ. ಕಾರವಾರದ ಆಫೀಸಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದ ನಾನು ಬಿಣಗಾದಲ್ಲಿ ಇಳಿದು, ದೊಡ್ಡಾಯಿ ಓದಿ ಮುಗಿಸಿದ ಕಾದಂಬರಿ ತರುತ್ತಿದ್ದೆ. ಆಯಿ ಓದಿದ್ದನ್ನು ಹಿಂದಕ್ಕೆ ಕೊಡುತ್ತಿದ್ದೆ. “ಮೀನು ಹುರೀತಾ ಓದಿದ್ದಾಳೆ ನೋಡು,” ಎಂದು ಆಯಿ ಪುಟದ ಮೇಲಿನ ಎಣ್ಣೆ ಕಲೆ ತೋರಿಸಿ ಬೈಯುತ್ತಿದ್ದಳು. ಹಾಗೆ ಬೈದ ದಿನ ಅವಳ ಮುಖ ಸ್ವಲ್ಪ ಗೆಲುವಾಗಿರುತ್ತಿತ್ತು.

ಆಯಿಗೊಂದು ಚಾಳಿ. ಪುಸ್ತಕ ಕೈಗೆ ಬಂದ ಕೂಡಲೇ ಕಡೆಯ ಪುಟ ಓದಬೇಕು. ನಾಯಕಿ ಬದುಕಿದ್ದಾಳೆ ಎಂದು ಖಾತ್ರಿಯಾದರೆ ಮಾತ್ರ ಮೊದಲ ಪುಟಕ್ಕೆ ಬರುವುದು.

ಹಡಗಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮ ಒಮ್ಮೆ ರಜೆಗೆ ಬಂದಾಗ ಸ್ಲೇಟಿನಂಥ ಓದುವ ಯಂತ್ರ ತಂದ. ಸ್ಕ್ಯಾನ್ ಮಾಡಿದ ಕನ್ನಡ ಕಾದಂಬರಿಗಳನ್ನು ಅದರಲ್ಲಿ ತುಂಬಿಸಿಕೊಟ್ಟ. “ಇದ್ರಲ್ಲಿ ಕಡೇ ಪುಟ ಎಲ್ಲದ್ಯೋ?” ಎಂಬುದೇ ಆಯಿಯ ಮೊದಲ ಪ್ರಶ್ನೆ. ಗುಂಡಿ ಒತ್ತಲು ಕಲಿತ ಮೇಲೆ ಗೆದ್ದವಳ ಹಾಗೆ ನನ್ನ ಕಡೆ ತಿರುಗಿದಳು. “ಇನ್ನು ಅವ್ಳ ಪುಸ್ತಕದ ಹಂಗಿಲ್ಲ. ಇದ್ದದ್ದು ವಾಪಸ್ ಕೊಟ್ಬಿಡು. ಬೇರೆ ತರ್ಬೇಡ.”

ನನಗೆ ಸಂಕಟವಾಯಿತು. ಅಕ್ಕತಂಗಿಯರ ನಡುವೆ ಉಳಿದದ್ದು ಅದೊಂದೇ ಎಳೆ. ಒಳ್ಳೆಯದು ಮಾಡಲು ಹೋದ ತಮ್ಮನ ಮೇಲೂ, ಏನೂ ಅರಿಯದ ಆ ಯಂತ್ರದ ಮೇಲೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ದೊಡ್ಡಾಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಸಂಜೆ ವಾಪಸು ಹೋಗುವಾಗ ಬಂದು ಹೋಗು ಎಂದಳು. ಸಂಜೆ ಪೇಪರಿನಲ್ಲಿ ಸುತ್ತಿದ ಒಂದು ಕಾದಂಬರಿ ಕೈಗಿಟ್ಟು, “ಇದೇ ಕಡೇದು ಅಂತ ಹೇಳು,” ಎಂದಳು.

ಬೇಡ ಬೇಡ ಎನ್ನುತ್ತಲೇ ಆಯಿ ಪೇಪರು ಬಿಚ್ಚಿದಳು. ಕೈ ಚಾಳಿಯಂತೆ ಹಿಂದಿನಿಂದ ತೆರೆಯಿತು. ಕಡೆಯ ಎರಡು ಹಾಳೆ ಬಿಡಿಸಲು ಬರಲಿಲ್ಲ. ಅಂಚಿನಲ್ಲಿ ಅನ್ನದ ಅಗಳು ಒಣಗಿ ಕೂತಿತ್ತು.

ಆಯಿ ಫಕ್ಕನೆ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಸಣ್ಣಕಿದ್ದಾಗ ನಾನು ಕಡೇದ್ ಓದಿ ಇವ್ಳ ಮುಂದೆ ಒದರಿಬಿಡ್ತಿದ್ದೆ. ಅದ್ಕೆ ಹೀಗೇ ಅನ್ನ ಹಚ್ಚಿ ಇಡ್ತಿದ್ಳು, ರಂಡೆ!” ಎಷ್ಟೋ ವರ್ಷಗಳ ಮೇಲೆ ಅಕ್ಕ ತಂಗಿಗೆ ಆಡಿದ ಮೊದಲ ಮಾತು ಆ ಅನ್ನದ ಅಗಳು.

ಹೇರ್‌ಪಿನ್ ತೂರಿಸಿದ್ದರೆ ಹಾಳೆ ಬಿಡುತ್ತಿತ್ತು. ಆಯಿ ಮುಟ್ಟಲಿಲ್ಲ. ಯಂತ್ರವನ್ನು ಕಪಾಟಿನಲ್ಲಿಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕಾದಂಬರಿಯನ್ನು ಮೊದಲಿನಿಂದ ಓದಿದಳು. ಅಂಟಿದ ಹಾಳೆ ಬಂದಾಗ ಪುಸ್ತಕ ಮುಚ್ಚಿ, ಸೀರೆ ಬದಲಿಸಿ, ಕುಂಕುಮದ ಭರಣಿ ಚೀಲಕ್ಕೆ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು.

ದೊಡ್ಡಾಯಿ ಬಾಗಿಲಲ್ಲೇ ನಿಂತು ಕೇಳಿದಳು: “ಎಂತಕ್ಕೆ ಬಂದ್ಯೇ? ಫೋನ್ ಮಾಡಿದ್ರೆ ಆಗ್ತಿತ್ತಲ್ಲ.”

ಆಯಿ ಚೀಲದಿಂದ ಪುಸ್ತಕ ತೆಗೆದು ಅವಳ ಕೈಗಿಟ್ಟಳು.

“ಫೋನಲ್ಲಿ ಪುಟ ಬಿಡಿಸೂಕಾಗ್ತದ್ಯಾ? ನೀನೇ ಬಿಡ್ಸು. ಅವ್ಳು ಬದುಕ್ತಾಳೋ ಇಲ್ವೋ ಹೇಳು.”