ಅವ್ವನ ಜೋಗುಳ ಹುಡುಕಿ ಹೋದ ದಿನ

ಕಳೆದ ವರ್ಷ ಮಗಳು ಸವಿತಾಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು. ನಾನು ಮಾನ್ವಿಯಲ್ಲಿ ಹೊಲಿಗೆ ಕೆಲಸ ಮಾಡುವವಳು. ನಮ್ಮಲ್ಲಿ ಅವತ್ತು ಜೋಗುಳ ಹಾಡಲೇಬೇಕು, ಅದರಲ್ಲಿ ತಾಯಿ ಕಡೆಯ ಹಿರಿಯ ಹೆಂಗಸರ ಹೆಸರುಗಳು ಸಾಲಾಗಿ ಬರಬೇಕು. ಅದು ಪೂರ್ತಿ ಬರುತ್ತಿದ್ದುದು ದೇವದುರ್ಗದಲ್ಲಿದ್ದ ನನ್ನ ಅವ್ವನಿಗೆ ಮಾತ್ರ. ಅವಳು ತೀರಿಹೋಗಿ ಎರಡು ವರ್ಷವಾಗಿತ್ತು. ಆದರೂ ನನಗೆ ಚಿಂತೆ ಇರಲಿಲ್ಲ. ಅವ್ವ ಹಾಡಿದ್ದನ್ನು ವಿಡಿಯೋ ಮಾಡಿಟ್ಟಿದ್ದೆನಲ್ಲ! ಕಾರ್ಯದ ದಿನ ಅದನ್ನೇ ಹಚ್ಚುತ್ತೇನೆಂದು ಸವಿತಾಳಿಗೆ ಮಾತು ಕೊಟ್ಟಿದ್ದೆ.

ಹುಡುಕಿದರೆ ವಿಡಿಯೋ ಇಲ್ಲ. ಫೋಟೋ, ವಿಡಿಯೋ ಇಡುವ ಆನ್‌ಲೈನ್ ಖಾತೆಗಳಿಗೆಂದು ತಿಂಗಳಿಗೆ ಮೂರು ಕಡೆ ನನ್ನ ದುಡ್ಡು ಹೋಗುತ್ತಿತ್ತು. ಒಂದು ಫೋನ್ ಕಂಪನಿಯದು, ಒಂದು ಸಿಮ್ಮಿನವರದು, ಇನ್ನೊಂದು ಯಾರದೆಂದು ನನಗೇ ತಿಳಿಯದು. ಮೊದಲೆರಡರಲ್ಲೂ ಅವೇ ಕುಪ್ಪಸದ ಡಿಸೈನುಗಳು, ಅವೇ ಮದುವೆ ಫೋಟೋಗಳು. ಮೂರನೆಯದು ಪಾಸ್‌ವರ್ಡ್ ಕೇಳಿ ಬಾಗಿಲು ಮುಚ್ಚಿತು. ಸಿಟ್ಟಿಗೆದ್ದು ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಒಳಗೆಲ್ಲೋ ಅವ್ವ ಇದ್ದಾಳೆಂದು ನೆನಪಾಗಿ ಮತ್ತೆ ಎತ್ತಿ ಸೆರಗಿನಿಂದ ಒರೆಸಿದೆ.

ಮರುದಿನ ರಾಯಚೂರಿಗೆ ಹೋದೆ. ನಾವು ಯಾವಾಗಲೂ ಫೋನ್ ಕೊಳ್ಳುವ ಅಂಗಡಿಯ ಇಬ್ರಾಹಿಂ ಭಾಯ್ ಎಲ್ಲ ಕೇಳಿಸಿಕೊಂಡರು.

“ಅಕ್ಕಾ, ಫೋನ್ ಬದಲಿ ಮಾಡಿದಾಗೆಲ್ಲ ಯಾರ ನಂಬರ್ ಕೊಟ್ರಿ?”

“ಒಮ್ಮಿ ಯಜಮಾನ್ರದು, ಒಮ್ಮಿ ಮಗಳದು, ಒಮ್ಮಿ ನಂದು. ಯಾರದಾದ್ರೇನ್ರಿ, ಎಲ್ಲಾ ಒಂದೇ ಮನಿ ಅಲ್ಲೇನು?”

“ಮನಿ ಒಂದೇ ಅದ ಅಕ್ಕಾ. ಈ ಫೋನಿಗೆ ಹಂಗ ತಿಳಿಯಂಗಿಲ್ಲ,” ಎಂದು ನಕ್ಕರು.

ಭಾಯ್ ತೆಗೆದು ನೋಡಿದರೆ ಮೂರನೆಯ ಖಾತೆ ಯಜಮಾನರ ನಂಬರಿನದು. ಅವರಿಗೆ ಫೋನ್ ಮಾಡಿ, ಬಂದ ಓಟಿಪಿ ಓದಲು ಹೇಳಿದೆ. “ತಡಿಲೇ, ಚಾಳೀಸ್ ಹುಡುಕಾಕತ್ತೀನಿ,” ಎಂದರು. ಕನ್ನಡಕ ಸಿಗುವಷ್ಟರಲ್ಲಿ ಎರಡು ಓಟಿಪಿ ಸತ್ತವು. ಮೂರನೆಯದಕ್ಕೆ ಖಾತೆ ತೆರೆಯಿತು.

ಅವ್ವ ಇದ್ದಳು. ಕಟ್ಟೆಯ ಮೇಲೆ ಕುಳಿತು, ಸೆರಗು ಸರಿಮಾಡಿಕೊಂಡು ಜೋಗುಳ ಎತ್ತಿದಳು. ಒಂದು ಹೆಸರು ಬಂತು, ಎರಡನೆಯದು ಬಂತು. ಅಷ್ಟರಲ್ಲಿ ನನ್ನದೇ ದನಿ ಅಡ್ಡ ಬಂತು: “ತಡಿ ಯವ್ವಾ, ಫೋನ್ ತುಂಬ್ಯಾದ. ಒಂದೀಟು ಫೋಟೋ ಅಳಸ್ತೀನಿ.”

ಅವ್ವ ನಕ್ಕಳು. “ಅಳಸವ್ವ, ಇನ್ನೊಮ್ಮಿ ಹಾಡ್ತೀನಿ. ನಾ ಎಲ್ಲಿ ಹೋಗ್ತೀನಿ?”

ವಿಡಿಯೋ ಅಲ್ಲಿಗೇ ಮುಗಿಯಿತು. ಆಗ ಎಲ್ಲ ನೆನಪಾಯಿತು. ಅವತ್ತು ಯಾವ ಫೋಟೋ ಇಡಲಿ, ಯಾವುದು ತೆಗೆಯಲಿ ಎಂದು ನೋಡುತ್ತ ಕುಳಿತವಳಿಗೆ ಮಾನ್ವಿ ಬಸ್ಸಿನ ಹೊತ್ತಾಗಿತ್ತು. ಮುಂದಿನ ಸಲ ಬಂದಾಗ ಹಾಡಿಸಿದರಾಯಿತು ಎಂದು ಎದ್ದು ಬಂದಿದ್ದೆ. ಅಂಗಡಿಯಲ್ಲೇ ಅತ್ತುಬಿಟ್ಟೆ. ಇಬ್ರಾಹಿಂ ಭಾಯ್ ನೀರು ಕೊಟ್ಟರು.

ಕಾರ್ಯದ ದಿನ ನಾನೇ ಹಾಡಿದೆ. ಎರಡು ಹೆಸರಾದ ಮೇಲೆ ತೋಚದೆ ಅವ್ವನ ಹೆಸರು ಸೇರಿಸಿದೆ. ಬಂದವರಿಗೆ ಗೊತ್ತಾಗಲಿಲ್ಲ, ವಿಡಿಯೋದ ಕತೆ ತಿಳಿದಿದ್ದ ಸವಿತಾ ಮಾತ್ರ ತಲೆ ತಗ್ಗಿಸಿದಳು.

ಈಗ ಎರಡು ಖಾತೆ ಮುಚ್ಚಿಸಿದ್ದೇನೆ. ಉಳಿದದ್ದರಲ್ಲಿ ಬೇಕಾದಷ್ಟು ಜಾಗ ಇದೆ. ಕೂಸನ್ನು ತೂಗುವಾಗ ಇವತ್ತಿಗೂ ಎರಡನೆಯ ಹೆಸರು ಮುಗಿದ ಕೂಡಲೇ ಒಂದು ಕ್ಷಣ ಸುಮ್ಮನಾಗುತ್ತೇನೆ. ಮುಂದಿನದನ್ನು ಅವ್ವ ಹೇಳಿಯಾಳು ಎಂಬ ಹುಚ್ಚು ಆಸೆ.